ಮೂತ್ರದಲ್ಲಿ ಖಿನ್ನತೆ ನಿವಾರಕ ಔಷಧಗಳನ್ನು ಅಳೆಯುವ ಬಗೆ: ಜಿಲ್ಲಾ ಪ್ರಯೋಗಾಲಯಗಳಿಗೊಂದು ಮಾರ್ಗದರ್ಶಿ

ತುಮಕೂರಿನಂಥ ಜಿಲ್ಲಾ ಕೇಂದ್ರದ ಅನೇಕ ಕಾಲೇಜು ಪ್ರಯೋಗಾಲಯಗಳಲ್ಲಿ ಔಷಧ ವಿಶ್ಲೇಷಣೆಗೆಂದು ಕೈಗೆ ಸಿಗುವ ದೊಡ್ಡ ಉಪಕರಣ, ಮಿಶ್ರಣವನ್ನು ಕಾಲಮ್ ಎಂಬ ಕೊಳವೆಯಲ್ಲಿ ಹರಿಸಿ ಘಟಕಗಳನ್ನು ಬೇರ್ಪಡಿಸುವ, ಯುವಿ ಡಿಟೆಕ್ಟರ್ ಜೋಡಿಸಿದ ಒಂದು ಎಚ್‌ಪಿಎಲ್‌ಸಿ. ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಬೇಕೆಂದರೆ ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿಗೆ ಮಾದರಿ ಹೋಗಬೇಕು, ಸರದಿ ಬರುವವರೆಗೆ ಕಾಯಬೇಕು. ರಕ್ತ ಅಥವಾ ಮೂತ್ರದಲ್ಲಿರುವ ಖಿನ್ನತೆ ನಿವಾರಕಗಳ ಮೇಲೆ ಪ್ರಾಜೆಕ್ಟ್ ಮಾಡಬೇಕೆಂದು ಬರುವ ಎಂ.ಎಸ್ಸಿ. ಮತ್ತು ಫಾರ್ಮಸಿ ವಿದ್ಯಾರ್ಥಿಗಳು ಇಲ್ಲಿಯೇ ಕೈಚೆಲ್ಲುವುದುಂಟು. ಇರುವ ಎಚ್‌ಪಿಎಲ್‌ಸಿಯಲ್ಲೇ ಈ ಕೆಲಸ ಸಾಧ್ಯ ಎಂಬುದು ನನ್ನ ಅಭಿಪ್ರಾಯ. ಆದರೆ ಅದಕ್ಕೆ ಬೇಕಾದ ಶ್ರಮದ ಬಹುಪಾಲು ಮಾದರಿ ಕಾಲಮ್‌ಗೆ ಹೋಗುವ ಮುನ್ನ, ಹತ್ತು ಮಿಲಿಲೀಟರ್‌ನ ಒಂದು ಗಾಜಿನ ಕೊಳವೆಯಲ್ಲಿಯೇ ನಡೆಯಬೇಕು. ಆ ಹಂತದಲ್ಲಿ ಸಡಿಲ ಬಿಟ್ಟದ್ದನ್ನು ಮುಂದೆ ಯಾವ ಡಿಟೆಕ್ಟರೂ ಸರಿಪಡಿಸಲಾರದು.

ಉದಾಹರಣೆಯಾಗಿ ಇಲ್ಲಿ ಅಮಿಟ್ರಿಪ್ಟಿಲೀನ್ ಮತ್ತು ಅದು ದೇಹದಲ್ಲಿ ರೂಪಾಂತರಗೊಂಡು ಉಂಟಾಗುವ ನಾರ್ಟ್ರಿಪ್ಟಿಲೀನ್‌ಗಳನ್ನು ತೆಗೆದುಕೊಂಡಿದ್ದೇನೆ. ಇವೆರಡೂ ಹಳೆಯ ಟ್ರೈಸೈಕ್ಲಿಕ್ ಗುಂಪಿನ ಔಷಧಗಳು, ಅಗ್ಗವಾದವು, ಯುವಿ ಬೆಳಕನ್ನು ಚೆನ್ನಾಗಿ ಹೀರುವಂಥವು. ಸರ್ಟ್ರಲೀನ್, ಫ್ಲೂಆಕ್ಸೆಟೀನ್, ಸಿಟಲೋಪ್ರಾಮ್‌ಗಳಿಗೂ ಇದೇ ದಾರಿ ನಡೆಯುತ್ತದೆ. ಬದಲಾಯಿಸಬೇಕಾದ ಕಡೆ ಹೇಳುತ್ತೇನೆ.

ಮೂತ್ರ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ

ಅಮಿಟ್ರಿಪ್ಟಿಲೀನ್ ಚಿಕಿತ್ಸೆಯಲ್ಲಿ ರಕ್ತದ ಪ್ಲಾಸ್ಮಾದಲ್ಲಿ ಮೂಲ ಔಷಧ ಮತ್ತು ನಾರ್ಟ್ರಿಪ್ಟಿಲೀನ್ ಎರಡೂ ಸೇರಿ ಮಿಲಿಲೀಟರಿಗೆ 80ರಿಂದ 200 ನ್ಯಾನೋಗ್ರಾಂ ಇರಬೇಕೆಂಬ ಒಪ್ಪಿತ ವ್ಯಾಪ್ತಿಯಿದೆ. ಮೂತ್ರಕ್ಕೆ ಅಂಥ ಯಾವ ಚಿಕಿತ್ಸಾ ವ್ಯಾಪ್ತಿಯೂ ಇಲ್ಲ. ಯಕೃತ್ತು ಈ ಔಷಧವನ್ನು ಬಹುಮಟ್ಟಿಗೆ ಬದಲಾಯಿಸಿಬಿಡುವುದರಿಂದ ಮೂಲರೂಪದಲ್ಲಿ ಮೂತ್ರಕ್ಕೆ ಬರುವುದು ಅತ್ಯಲ್ಪ ಭಾಗ. ಉಳಿದದ್ದು ಹೈಡ್ರಾಕ್ಸಿ ರೂಪಗಳಾಗಿ, ಅದರಲ್ಲೂ ಹೆಚ್ಚಿನದು ಗ್ಲುಕುರೊನಿಕ್ ಆಮ್ಲ ಎಂಬ ಸಕ್ಕರೆಯಾಮ್ಲದೊಂದಿಗೆ ಬೆಸೆದುಕೊಂಡು ಗ್ಲುಕುರೊನೈಡ್ ಆಗಿ ಹೊರಬರುತ್ತದೆ. ಸಿವೈಪಿ2ಡಿ6, ಸಿವೈಪಿ2ಸಿ19 ಎಂಬ ಕಿಣ್ವಗಳ ಚುರುಕು ಒಬ್ಬರಿಂದೊಬ್ಬರಿಗೆ ಬೇರೆ. ಮೂತ್ರ ಆಮ್ಲೀಯವಾಗಿದ್ದರೆ ಇಂಥ ಪ್ರತ್ಯಾಮ್ಲೀಯ ಔಷಧಗಳು ಅಲ್ಲಿ ಅಯಾನಾಗಿ ಸಿಕ್ಕಿಕೊಂಡು ಹೆಚ್ಚು ಹೊರಹೋಗುತ್ತವೆ, ಕ್ಷಾರೀಯವಾಗಿದ್ದರೆ ದೇಹಕ್ಕೇ ಹಿಂದಿರುಗುತ್ತವೆ. ಹೀಗಿರುವಾಗ ಮೂತ್ರದ ಅಂಕಿಯಿಂದ ಹಿಂದಕ್ಕೆ ಲೆಕ್ಕ ಹಾಕಿ ‘ಇವರು ಇಷ್ಟು ಮಿಲಿಗ್ರಾಂ ನುಂಗಿದ್ದಾರೆ’ ಎಂದು ಹೇಳಹೋಗುವುದು ತಪ್ಪು.

ಹಾಗಾದರೆ ಮೂತ್ರವನ್ನೇಕೆ ಅಳೆಯಬೇಕು? ಸೂಜಿಯಿಲ್ಲದೆ ಸಿಗುತ್ತದೆ, ಬೇಕಾದಷ್ಟು ಸಿಗುತ್ತದೆ, ರಕ್ತದಲ್ಲಿ ಕುರುಹು ಮಾಸಿದ ಮೇಲೂ ಕೆಲಕಾಲ ಅದರಲ್ಲಿ ಕುರುಹು ಉಳಿದಿರುತ್ತದೆ. ಔಷಧ ಸೇವನೆ ನಡೆದಿದೆಯೇ ಎಂಬ ಪ್ರಶ್ನೆಗೆ, ವಿಷಪ್ರಾಶನದ ಶಂಕೆಯಿದ್ದಾಗ ಯಾವ ಔಷಧ ಎಂಬ ಗುರುತಿಗೆ, ಒಂದೇ ವ್ಯಕ್ತಿಯ ಮಾದರಿಗಳನ್ನು ಬೇರೆಬೇರೆ ದಿನ ಹೋಲಿಸುವುದಕ್ಕೆ ಅದು ಸಾಕು. ಅಮಿಟ್ರಿಪ್ಟಿಲೀನನ್ನು ನರದ ನೋವಿಗೂ ಮೈಗ್ರೇನ್ ತಡೆಗೂ ಬರೆದುಕೊಡುತ್ತಾರೆ. ಆದ್ದರಿಂದ ಡಿಟೆಕ್ಟರಿನ ನಕ್ಷೆಯಲ್ಲಿ ಔಷಧದ ಪೀಕ್ (ಶಿಖರ) ಕಂಡಿತೆಂದ ಮಾತ್ರಕ್ಕೆ ಆ ವ್ಯಕ್ತಿಗೆ ಖಿನ್ನತೆಯಿದೆ ಎಂದೇನೂ ಅರ್ಥವಲ್ಲ.

ಮಾದರಿ ಸಂಗ್ರಹಿಸುವ ಮುನ್ನ

ರೋಗಿಗಳ ಮೂತ್ರವನ್ನು ಮುಟ್ಟುವ ಯಾವುದೇ ಅಧ್ಯಯನಕ್ಕೆ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಮತ್ತು ಕೊಡುವವರ ಲಿಖಿತ ಒಪ್ಪಿಗೆ ಬೇಕು. ಮಾನಸಿಕ ಆರೋಗ್ಯ ಚಿಕಿತ್ಸೆಯ ವಿವರಗಳ ಗೋಪ್ಯತೆಯನ್ನು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೇ ಕಲಂ ಹಕ್ಕಾಗಿಯೇ ಕೊಟ್ಟಿದೆ. ಚಿಕ್ಕ ಊರುಗಳಲ್ಲಿ ಹೆಸರಿನ ಜೊತೆ ಬೀದಿಯ ಹೆಸರಿದ್ದರೂ ಆಳು ಯಾರೆಂದು ಗೊತ್ತಾಗಿಬಿಡುತ್ತದೆ. ಹಾಗಾಗಿ ಬಾಟಲಿಯ ಮೇಲೆ ಸಂಕೇತ ಸಂಖ್ಯೆಯೊಂದನ್ನು ಬಿಟ್ಟು ಬೇರೇನೂ ಇರಬಾರದು. ಆ ಸಂಖ್ಯೆಗೂ ಹೆಸರಿಗೂ ನಂಟು ತೋರಿಸುವ ಪಟ್ಟಿ ಪ್ರಯೋಗಾಲಯದ ಹೊರಗೆ, ವೈದ್ಯರ ಬಳಿ ಇರಬೇಕು.

ಹದಿನೈದು ಇಪ್ಪತ್ತು ಮಿಲಿಲೀಟರ್ ಮೂತ್ರ ಸಾಕು. ಪಾಲಿಪ್ರೊಪಿಲೀನ್ ಬಾಟಲಿ ಒಳ್ಳೆಯದು, ಏಕೆಂದರೆ ಈ ಔಷಧಗಳು ಗಾಜಿನ ಗೋಡೆಗೆ ಅಂಟಿಕೊಳ್ಳುವ ಸ್ವಭಾವದವು. ಪಾವಗಡದಲ್ಲಿಯೋ ಮಧುಗಿರಿಯಲ್ಲಿಯೋ ಬೆಳಿಗ್ಗೆ ಸಂಗ್ರಹಿಸಿದ ಮಾದರಿ ಮಧ್ಯಾಹ್ನದ ಬಸ್ಸಿನಲ್ಲಿ ಬರುವುದಾದರೆ ಐಸ್ ಡಬ್ಬಿ ಕಡ್ಡಾಯ. ಬಿಸಿಲಿನಲ್ಲಿ ಕುಳಿತ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆದು ಯೂರಿಯಾವನ್ನು ಅಮೋನಿಯಾ ಮಾಡುತ್ತವೆ, ಪಿಎಚ್ ಏರುತ್ತದೆ, ವಾಸನೆಯೇ ಅದನ್ನು ಸಾರುತ್ತದೆ. ಒಂದೆರಡು ದಿನಕ್ಕೆ 4 ಡಿಗ್ರಿ, ಅದಕ್ಕಿಂತ ಹೆಚ್ಚು ಕಾಲಕ್ಕೆ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಫ್ರೀಜರಿನಿಂದ ತೆಗೆದ ಮಾದರಿಯ ತಳದಲ್ಲಿ ಯೂರೇಟ್ ಲವಣಗಳ ಗಸಿ ಕೂತಿರುತ್ತದೆ. ಅದನ್ನು ಶೋಧಿಸಿ ಎಸೆಯದೆ, 37 ಡಿಗ್ರಿಯ ನೀರಿನಲ್ಲಿ ಬೆಚ್ಚಗೆ ಮಾಡಿ, ಚೆನ್ನಾಗಿ ಕುಲುಕಿ ಕರಗಿಸಿಕೊಂಡು ಆಮೇಲೆ ಅಳತೆ ತೆಗೆದುಕೊಳ್ಳಬೇಕು.

ಕಡು ಬೇಸಿಗೆಯಲ್ಲಿ ಹೊಲದಿಂದ ಬಂದವರ ಮೂತ್ರ ಗಾಢವಾಗಿರುತ್ತದೆ, ಆಸ್ಪತ್ರೆಯ ಬಾಗಿಲಲ್ಲಿ ಎರಡು ಲೋಟ ನೀರು ಕುಡಿದು ಕೊಟ್ಟವರದು ತೆಳುವಾಗಿರುತ್ತದೆ. ಈ ಏರುಪೇರನ್ನು ಸರಿದೂಗಿಸಲು ಪ್ರತಿ ಮಾದರಿಯಲ್ಲೂ, ಸ್ನಾಯುಗಳಿಂದ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮೂತ್ರಕ್ಕೆ ಬರುವ ಕ್ರಿಯಾಟಿನಿನ್ ಅಳೆದು, ಔಷಧದ ಸಾರತೆಯನ್ನು ‘ಪ್ರತಿ ಗ್ರಾಂ ಕ್ರಿಯಾಟಿನಿನ್‌ಗೆ ಇಷ್ಟು’ ಎಂದು ಬರೆಯುವುದು ವಾಡಿಕೆ. ಜಾಫೆ ವಿಧಾನದ ಕಿಟ್ ಯಾವ ಕ್ಲಿನಿಕಲ್ ಲ್ಯಾಬಿನಲ್ಲಾದರೂ ಸಿಗುತ್ತದೆ. ಲೀಟರಿಗೆ 0.3 ಗ್ರಾಂಗಿಂತ ಕಡಿಮೆ ಅಥವಾ 3 ಗ್ರಾಂಗಿಂತ ಹೆಚ್ಚು ಕ್ರಿಯಾಟಿನಿನ್ ಇರುವ ಮೂತ್ರವನ್ನು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಬದಿಗಿಟ್ಟು ಹೊಸ ಮಾದರಿ ಕೇಳುವುದು ಸರಿ.

ನೀರು ಮತ್ತು ರಾಸಾಯನಿಕಗಳು

ನಮ್ಮ ಭಾಗದ ಬೋರ್‌ವೆಲ್ ನೀರಿನ ಗುಣ ಎಲ್ಲರಿಗೂ ಗೊತ್ತು. ಪಾವಗಡ, ಬಾಗೇಪಲ್ಲಿಗಳ ಹೆಸರು ಫ್ಲೋರೈಡ್ ಜೊತೆಗೇ ಬರುತ್ತದೆ. ವಿದ್ಯಾರ್ಥಿಗಳು ಕೇಳುವ ಒಂದು ಪ್ರಶ್ನೆಗೆ ಇಲ್ಲಿಯೇ ಉತ್ತರಿಸುತ್ತೇನೆ: ಫ್ಲೂಆಕ್ಸೆಟೀನ್ ಅಣುವಿನಲ್ಲಿ ಮೂರು ಫ್ಲೋರಿನ್ ಪರಮಾಣುಗಳಿದ್ದರೂ ಅವು ಇಂಗಾಲಕ್ಕೆ ಗಟ್ಟಿಯಾಗಿ ಬೆಸೆದುಕೊಂಡಿರುವುದರಿಂದ ನೀರಿನ ಫ್ಲೋರೈಡ್ ಅಯಾನಿಗೂ ಅವಕ್ಕೂ ಸಂಬಂಧವಿಲ್ಲ, ಫ್ಲೋರೈಡ್ ಎಲೆಕ್ಟ್ರೋಡ್ ಅದ್ದಿ ಫ್ಲೂಆಕ್ಸೆಟೀನ್ ಅಳೆಯಲಾಗದು. ಈ ಕೆಲಸಕ್ಕೆ ಅಡ್ಡಿಯಾಗುವುದು ಫ್ಲೋರೈಡ್ ಅಲ್ಲ, ನೀರಿನ ಗಡಸುತನ. ಕ್ಷಾರ ಬೆರೆಸಿದೊಡನೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬೆಳ್ಳಗೆ ಒಡೆದು ನಿಲ್ಲುತ್ತವೆ. ಕಾಲಮ್ ಮೂಲಕ ಹರಿಸುವ ದ್ರವವಾದ ಮೊಬೈಲ್ ಫೇಸ್‌ಗೂ ಪಿಎಚ್ ಸ್ಥಿರವಾಗಿಡುವ ಬಫರಿಗೂ ಎಚ್‌ಪಿಎಲ್‌ಸಿ ದರ್ಜೆಯ ನೀರನ್ನೇ ಬಳಸಿ, ಗಾಜಿನ ಸಾಮಾನಿನ ಕೊನೆಯ ಜಾಲಾಡಿಕೆಗೂ ಡಿಅಯೊನೈಸ್ ಮಾಡಿದ ನೀರನ್ನೇ ಇಟ್ಟುಕೊಳ್ಳಬೇಕು.

ಅಳತೆಗೆ ಬೇಕಾದ ಶುದ್ಧ ಔಷಧವನ್ನು ಅಂಗಡಿಯ ಮಾತ್ರೆ ಪುಡಿಮಾಡಿ ತಯಾರಿಸಿಕೊಳ್ಳುವ ಅಭ್ಯಾಸ ಕೆಲವೆಡೆ ಇದೆ. ಕೈ ಪಳಗಿಸಿಕೊಳ್ಳಲು ಅದು ನಡೆದೀತು, ಗೊತ್ತಿರುವ ಸಾರತೆಗಳಿಗೆ ಪೀಕಿನ ಅಳತೆಯನ್ನು ಹೊಂದಿಸುವ ಕ್ಯಾಲಿಬ್ರೇಷನ್‌ಗೆ ನಡೆಯದು. ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಒದಗಿಸುವ ರೆಫರೆನ್ಸ್ ಪದಾರ್ಥವನ್ನೋ ಪ್ರಮಾಣಪತ್ರವಿರುವ ಬೇರೆ ಸ್ಟ್ಯಾಂಡರ್ಡನ್ನೋ ತರಿಸಬೇಕು. ಮೆಥನಾಲಿನಲ್ಲಿ ಮಿಲಿಲೀಟರಿಗೆ 1 ಮಿಲಿಗ್ರಾಂನಂತೆ ಕರಗಿಸಿ ಫ್ರೀಜರಿನಲ್ಲಿ ಇಡಬಹುದು. ತೂಗುವಾಗ ಹೈಡ್ರೋಕ್ಲೋರೈಡ್ ಲವಣದ ತೂಕವನ್ನು ಮೂಲ ಪ್ರತ್ಯಾಮ್ಲದ ತೂಕಕ್ಕೆ ಪರಿವರ್ತಿಸಿಕೊಳ್ಳುವುದನ್ನು ಮರೆಯಬಾರದು: ಅಮಿಟ್ರಿಪ್ಟಿಲೀನ್‌ನ ಅಣುತೂಕ 277.4, ಅದರ ಹೈಡ್ರೋಕ್ಲೋರೈಡಿನದು 313.9.

ಪಿಎಚ್ ಎಂಬ ಕೀಲಿ

ಅಮಿಟ್ರಿಪ್ಟಿಲೀನ್ ಒಂದು ದುರ್ಬಲ ಪ್ರತ್ಯಾಮ್ಲ. ಅದರ ಪಿಕೆಎ, ಅಂದರೆ ಅರ್ಧ ಅಣುಗಳು ಅಯಾನಾಗಿ ಉಳಿದರ್ಧ ತಟಸ್ಥವಾಗಿರುವ ಪಿಎಚ್, ಸುಮಾರು 9.4. ಪಿಎಚ್ 7.4ರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಅಣುಗಳು ಧನ ಅಯಾನುಗಳಾಗಿದ್ದು ನೀರನ್ನು ಬಿಟ್ಟು ಕದಲುವುದಿಲ್ಲ. 9.4ರಲ್ಲಿ ಅರ್ಧದಷ್ಟು ತಟಸ್ಥವಾಗುತ್ತವೆ, 10.4ರಲ್ಲಿ ಶೇ. 91, 11.4ರಲ್ಲಿ ಶೇ. 99. ತಟಸ್ಥವಾದ ಅಣುವಿಗೆ ನೀರು ಸೇರದು. ಎಣ್ಣೆಯ ಗುಣದ ದ್ರಾವಕದ ಒಂದು ಹನಿ ಕಂಡರೆ ಅದರೊಳಕ್ಕೆ ಸೇರಿಕೊಳ್ಳುತ್ತದೆ. ನಾರ್ಟ್ರಿಪ್ಟಿಲೀನ್‌ನ ಪಿಕೆಎ ಇನ್ನೂ ತುಸು ಹೆಚ್ಚು, 10ರ ಆಸುಪಾಸು. ಎರಡನ್ನೂ ಒಟ್ಟಿಗೆ ಎಳೆಯಬೇಕಾದರೆ ಪಿಎಚ್ 12ರ ಹತ್ತಿರ ಇರಬೇಕು.

ಎಲ್ಲ ಔಷಧಕ್ಕೂ 12 ಸರಿ ಎಂದು ತಿಳಿಯಬೇಡಿ. ವೆನ್ಲಾಫ್ಯಾಕ್ಸಿನ್ ಎಂಬ ಇನ್ನೊಂದು ಖಿನ್ನತೆ ನಿವಾರಕದಿಂದ ಉಂಟಾಗುವ ಡೆಸ್‌ಮಿಥೈಲ್ ವೆನ್ಲಾಫ್ಯಾಕ್ಸಿನ್‌ನಲ್ಲಿ ಅಮೀನ್ (ನೈಟ್ರೋಜನ್ ಇರುವ ಪ್ರತ್ಯಾಮ್ಲೀಯ) ಗುಂಪಿನ ಜೊತೆಗೆ ಆಮ್ಲೀಯ ಫಿನಾಲ್ ಗುಂಪೂ ಇದೆ. ಪಿಎಚ್ 12ರಲ್ಲಿ ಆ ಫಿನಾಲ್ ಋಣ ಅಯಾನಾಗಿ ಮತ್ತೆ ನೀರಿನಲ್ಲೇ ಉಳಿಯುತ್ತದೆ. ಅದಕ್ಕೆ 9.5ರಿಂದ 10ರವರೆಗಿನ ಇಕ್ಕಟ್ಟಾದ ಜಾಗವೇ ಗತಿ. ಕೈಪಿಡಿಯ ಪಿಎಚ್ ಅಂಕಿಯನ್ನು ನಕಲು ಮಾಡುವ ಮೊದಲು ಅಣುವಿನ ಚಿತ್ರವನ್ನೊಮ್ಮೆ ನೋಡಬೇಕು ಎನ್ನುವುದು ಇದೇ ಕಾರಣಕ್ಕೆ.

ಯಾವ ಮೈಕ್ರೋಎಕ್ಸ್‌ಟ್ರಾಕ್ಷನ್?

ಔಷಧವನ್ನು ಮೂತ್ರದಿಂದ ದ್ರಾವಕಕ್ಕೆ ಎಳೆದುಕೊಳ್ಳುವ (ಎಕ್ಸ್‌ಟ್ರಾಕ್ಷನ್) ಹಳೆಯ ವಿಧಾನದಲ್ಲಿ ಬೇರ್ಪಡಿಸುವ ಆಲಿಕೆಯಲ್ಲಿ ಹತ್ತಾರು ಮಿಲಿಲೀಟರ್ ದ್ರಾವಕ ಖರ್ಚಾಗುತ್ತಿತ್ತು. ಅದನ್ನು ಮೈಕ್ರೋಲೀಟರ್‌ಗಳಿಗೆ ಇಳಿಸಿದ ಮೂರು ದಾರಿಗಳು ಹೆಸರಿಸಬೇಕಾದವು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜಾನುಷ್ ಪಾವ್ಲಿಶಿನ್ ಅವರ ತಂಡ 1990ರಲ್ಲಿ ಪರಿಚಯಿಸಿದ ಲೇಪಿತ ನಾರಿನ ಘನಹಂತದ ವಿಧಾನ ಮೊದಲನೆಯದು. ದ್ರಾವಕವೇ ಬೇಡ, ಆದರೆ ನಾರು ದುಬಾರಿ, ಸುಲಭವಾಗಿ ಮುರಿಯುತ್ತದೆ. 1999ರಲ್ಲಿ ನಾರ್ವೆಯ ಪೆಡರ್ಸನ್-ಬೆರ್ಗಾರ್ಡ್ ಮತ್ತು ರಾಸ್ಮುಸ್ಸೆನ್ ತೋರಿಸಿದ ಟೊಳ್ಳು ನಾರಿನ ವಿಧಾನ ಎರಡನೆಯದು. ಇರಾನಿನ ರೆಝಾಯಿ, ಅಸ್ಸಾದಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಚದುರು ದ್ರವ ವಿಧಾನ, ಅಂದರೆ ಡಿಎಲ್‌ಎಲ್‌ಎಂಇ, ಮೂರನೆಯದು. ಒಂದು ಸೆಂಟ್ರಿಫ್ಯೂಜ್, ಒಂದು ಸಿರಿಂಜ್, ತಳ ಚೂಪಾದ ಕೆಲವು ಗಾಜಿನ ಕೊಳವೆಗಳಿದ್ದರೆ ನಡೆದುಹೋಗುವುದರಿಂದ ನಮ್ಮಂಥ ಕಡೆಗೆ ಇದೇ ತಕ್ಕದ್ದು. ಹಂತಗಳನ್ನು ಇದಕ್ಕೇ ಬರೆಯುತ್ತೇನೆ.

ಕೈಕೆಲಸ, ಹಂತ ಹಂತವಾಗಿ

ಮೊದಲ ಹಂತ, ಬೆಸುಗೆ ಬಿಡಿಸುವುದು. ಗ್ಲುಕುರೊನೈಡ್ ರೂಪದಲ್ಲಿರುವ ಭಾಗವನ್ನೂ ಲೆಕ್ಕಕ್ಕೆ ತರಬೇಕಾದರೆ ಮೂತ್ರವನ್ನು ಅಸಿಟೇಟ್ ಬಫರಿನಿಂದ ಪಿಎಚ್ 5ಕ್ಕೆ ತಂದು, ಬೀಟಾ-ಗ್ಲುಕುರೊನಿಡೇಸ್ ಕಿಣ್ವ ಬೆರೆಸಿ ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಡಬೇಕು. ಬಸವನಹುಳುವಿನಿಂದ ತೆಗೆದ ಕಿಣ್ವಕ್ಕೆ ಈ ಪಿಎಚ್ ಒಗ್ಗುತ್ತದೆ, ಇ. ಕೋಲಿ ಬ್ಯಾಕ್ಟೀರಿಯಾದ್ದಕ್ಕೆ 7ರ ಹತ್ತಿರ ಬೇಕು. ಸೇವನೆಯಾಗಿದೆಯೇ ಇಲ್ಲವೇ ಎಂಬಷ್ಟೇ ಪ್ರಶ್ನೆಯಾದರೆ ಈ ಹಂತವನ್ನು ಬಿಡಬಹುದು. ಬಿಟ್ಟರೆ ಮಾತ್ರ ಎಲ್ಲ ಮಾದರಿಗಳಲ್ಲೂ ಬಿಡಬೇಕು, ವರದಿಯಲ್ಲಿ ಬರೆಯಬೇಕು.

ಎರಡನೆಯ ಹಂತದಲ್ಲಿ 2.5 ಮಿಲಿಲೀಟರ್ ಮೂತ್ರಕ್ಕೆ ಇಂಟರ್ನಲ್ ಸ್ಟ್ಯಾಂಡರ್ಡ್, ಅಂದರೆ ಹೋಲಿಕೆಗಾಗಿ ಎಲ್ಲ ಮಾದರಿಗೂ ಒಂದೇ ಪ್ರಮಾಣದಲ್ಲಿ ಹಾಕುವ ಬೇರೊಂದು ಪದಾರ್ಥ, ಸೇರಿಸಬೇಕು. ಇದು ಎಕ್ಸ್‌ಟ್ರಾಕ್ಷನ್‌ಗೆ ಮುಂಚೆಯೇ ಆಗಬೇಕಾದ ಕೆಲಸ. ಕೊನೆಯಲ್ಲಿ ಹಾಕಿದರೆ ನಡುವೆ ಆದ ನಷ್ಟದ ಲೆಕ್ಕ ಸಿಗುವುದಿಲ್ಲ. ಕ್ಲೋಮಿಪ್ರಮೀನ್, ಮ್ಯಾಪ್ರೊಟಿಲೀನ್‌ನಂಥ ಅದೇ ಕುಲದ ಔಷಧ ಹೊಂದುತ್ತದೆ. ಆದರೆ ಕ್ಲೋಮಿಪ್ರಮೀನನ್ನು ಗೀಳು ಮನೋರೋಗಕ್ಕೆ ಕೊಡುವುದುಂಟಾದ್ದರಿಂದ, ಆಯ್ಕೆ ಮಾಡುವ ಮುನ್ನ ಮಾದರಿ ಕೊಟ್ಟವರ ಔಷಧ ಚೀಟಿಯ ಪಟ್ಟಿಯನ್ನು ನೋಡಿಕೊಳ್ಳಬೇಕು.

ಇನ್ನು ಕ್ಷಾರೀಕರಣ. ಸುಮಾರು ಅಷ್ಟೇ ನೀರು ಬೆರೆಸಿ, 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಹಾಕುತ್ತಾ ಪಿಎಚ್ 12ಕ್ಕೆ ತಂದು, ಒಟ್ಟು ಗಾತ್ರವನ್ನು 5 ಮಿಲಿಲೀಟರಿಗೆ ಹೊಂದಿಸಬೇಕು. ‘ಇಷ್ಟು ಹನಿ’ ಎಂದು ಎಣಿಕೆ ಇಟ್ಟುಕೊಳ್ಳುವುದು ಸಲ್ಲದು. ಮೂತ್ರದ ಪಿಎಚ್ ಸಹಜವಾಗಿಯೇ 4.5ರಿಂದ 8ರವರೆಗೆ ಓಡಾಡುತ್ತದೆ, ಅದರ ಬಫರ್ ಶಕ್ತಿಯೂ ಒಬ್ಬೊಬ್ಬರಲ್ಲಿ ಒಂದೊಂದು. ಪ್ರತಿ ಕೊಳವೆಯನ್ನೂ ಅಳೆದೇ ನೋಡಬೇಕು. ಪಿಎಚ್ 9 ದಾಟುತ್ತಿದ್ದಂತೆ ಹತ್ತಿಯ ಎಳೆಯಂತೆ ತೇಲುವ ಬಿಳಿ ಫಾಸ್ಫೇಟ್ ಲವಣಗಳು ಕಾಣಿಸಿಕೊಳ್ಳುತ್ತವೆ. ಅವನ್ನು ಹಾಗೆಯೇ ಬಿಟ್ಟು ಮುಂದುವರಿದರೆ ಕೊನೆಗೆ ದ್ರಾವಕದ ಹನಿಯ ಜೊತೆ ಅವೂ ತಳಕ್ಕೆ ಇಳಿದು, ಹನಿ ಯಾವುದು ಗಸಿ ಯಾವುದು ಎಂದು ತಿಳಿಯದಂತಾಗುತ್ತದೆ. ಈಗಲೇ ಐದು ನಿಮಿಷ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ಮಾತ್ರ ಹೊಸ ಕೊಳವೆಗೆ ಬಗ್ಗಿಸಿಕೊಳ್ಳಬೇಕು.

ನಾಲ್ಕನೆಯ ಹಂತವೇ ಈ ವಿಧಾನದ ಜೀವಾಳ. 1 ಮಿಲಿಲೀಟರ್ ಮೆಥನಾಲ್ ಅಥವಾ ಅಸಿಟೋನೈಟ್ರೈಲಿನಲ್ಲಿ 100 ಮೈಕ್ರೋಲೀಟರ್ ಕ್ಲೋರೋಫಾರ್ಮ್ ಬೆರೆಸಿ ಸಿರಿಂಜಿಗೆ ತುಂಬಿಕೊಂಡು, ತುದಿಯನ್ನು ದ್ರಾವಣದೊಳಗೆ ಇಳಿಸಿ ಒಂದೇ ಬಿಗಿಯಲ್ಲಿ ಚಿಮ್ಮಿಸಬೇಕು. ಸರಿಯಾಗಿ ಚಿಮ್ಮಿದರೆ ಕೊಳವೆಯಲ್ಲಿರುವುದೆಲ್ಲ ಕ್ಷಣದಲ್ಲಿ ಮಜ್ಜಿಗೆಯ ತಿಳಿಯಂತೆ ಮಬ್ಬಾಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕ್ಲೋರೋಫಾರ್ಮ್ ಹನಿಗಳು ನೀರಿನ ತುಂಬ ಹರಡಿ, ಎರಡರ ನಡುವಿನ ಮೇಲ್ಮೈ ಅಗಾಧವಾಗಿ ಹಿಗ್ಗುವುದರಿಂದ ಔಷಧ ಕೆಲವೇ ಸೆಕೆಂಡುಗಳಲ್ಲಿ ಆ ಕಡೆ ಹೋಗಿಬಿಡುತ್ತದೆ. ಹೆದರುತ್ತ ನಿಧಾನವಾಗಿ ಒತ್ತಿದರೆ ಮಬ್ಬು ಬರುವುದಿಲ್ಲ, ದಪ್ಪ ಹನಿಗಳು ನೇರ ತಳಕ್ಕೆ ಉರುಳುತ್ತವೆ. ಅಂಥ ಕೊಳವೆಯನ್ನು ಮತ್ತೆ ಕುಲುಕಿ ಸರಿಮಾಡುವ ಬದಲು ಹೊಸದಾಗಿ ಆರಂಭಿಸುವುದೇ ಲೇಸು.

ಕ್ಲೋರೋಫಾರ್ಮ್ 30 ಮೈಕ್ರೋಲೀಟರ್ ಸಾಲದೇ, 100 ಏಕೆ ಎಂಬ ಪ್ರಶ್ನೆ ಏಳುತ್ತದೆ. ಒಂದು ಲೀಟರ್ ನೀರು ಸುಮಾರು 8 ಗ್ರಾಂ ಕ್ಲೋರೋಫಾರ್ಮನ್ನು ಕರಗಿಸಿಕೊಳ್ಳುತ್ತದೆ. ಸಾಂದ್ರತೆ 1.48 ಎಂದಿಟ್ಟುಕೊಂಡರೆ ನಮ್ಮ 6 ಮಿಲಿಲೀಟರ್ ಮಿಶ್ರಣ ಮೂವತ್ತು ಮೈಕ್ರೋಲೀಟರ್‌ಗೂ ಹೆಚ್ಚನ್ನು ನುಂಗಿಬಿಡುತ್ತದೆ; ಮೆಥನಾಲ್ ಇರುವುದರಿಂದ ಇನ್ನಷ್ಟು. ಅಂದರೆ 30 ಹಾಕಿದರೆ ತಳದಲ್ಲಿ ಹನಿಯೇ ಕೂರುವುದಿಲ್ಲ. ಕ್ಲೋರೋಬೆಂಜೀನ್ ಇದಕ್ಕಿಂತ ಬಹಳ ಕಡಿಮೆ ಕರಗುವುದರಿಂದ ಕಡಿಮೆ ಸಾಕು, ಆದರೆ ಅದರ ಸಾಂದ್ರತೆ ಕೇವಲ 1.11, ಗಾಢ ಮೂತ್ರದಲ್ಲಿ, ಅದರಲ್ಲೂ ಉಪ್ಪು ಬೆರೆಸಿದ್ದರೆ, ತಳಕ್ಕಿಳಿಯಲು ಸತಾಯಿಸುತ್ತದೆ. ಹಳೆಯ ಪ್ರಬಂಧಗಳಲ್ಲಿ ಕಾಣುವ ಕಾರ್ಬನ್ ಟೆಟ್ರಾಕ್ಲೋರೈಡನ್ನು ಇಂದು ಬಳಸಬಾರದು. ಯಕೃತ್ತಿಗೂ ಓಜೋನ್ ಪದರಕ್ಕೂ ಅದು ಹಾನಿಕರ.

ನಿಮಿಷಕ್ಕೆ 4000 ಸುತ್ತಿನಂತೆ ಐದು ನಿಮಿಷ ತಿರುಗಿಸಿದರೆ ಮಬ್ಬು ತಿಳಿಯಾಗಿ, ಚೂಪು ತಳದಲ್ಲಿ ಹನಿ ಕೂರುತ್ತದೆ. ತಿರುಗುಗಾಲಿಯ ತ್ರಿಜ್ಯ 12 ಸೆಂಟಿಮೀಟರ್ ಇದ್ದಾಗ ಇದು ಗುರುತ್ವದ ಸುಮಾರು 2,100 ಪಟ್ಟು. ನಿಮ್ಮ ಯಂತ್ರದ ಅಳತೆ ಬೇರೆಯಾದರೆ ಸುತ್ತನ್ನೂ ಹೊಂದಿಸಿಕೊಳ್ಳಿ. ಪಾಲಿಸ್ಟೈರೀನ್ ಕೊಳವೆಯನ್ನು ಇಲ್ಲಿ ಬಳಸಿದರೆ ಕ್ಲೋರೋಫಾರ್ಮ್ ಕೊಳವೆಯನ್ನೇ ಕರಗಿಸುತ್ತದೆ. ಹನಿಯ ಮೇಲೆ ಪ್ರೋಟೀನಿನ ತೆಳು ಬಿಳಿ ಪೊರೆ ಕಟ್ಟಿರುತ್ತದೆ. ಚಪ್ಪಟೆ ತುದಿಯ ಮೈಕ್ರೋಸಿರಿಂಜನ್ನು ಗೋಡೆಗುಂಟ ಇಳಿಸಿ, ಪೊರೆ ದಾಟುವಾಗ ಪಿಸ್ಟನ್ನನ್ನು ತುಸು ಒತ್ತಿ ಗಾಳಿಯ ಗುಳ್ಳೆ ಬಿಟ್ಟು, ಆಮೇಲೆ ಹನಿಯನ್ನು ಎಳೆದುಕೊಳ್ಳಬೇಕು.

ಕ್ಲೋರೋಫಾರ್ಮನ್ನು ನೇರವಾಗಿ, ಇಂಗಾಲದ ಸರಪಳಿ ಹೊದ್ದ ಸಿಲಿಕಾ ತುಂಬಿದ ಸಿ-18 ಕಾಲಮ್‌ಗೆ ಕಳಿಸಿದರೆ ಪೀಕ್ ಹರಿದು ಹೋಗುತ್ತದೆ. ಹನಿಗೆ ಮೆಥನಾಲಿನಲ್ಲಿ ಕರಗಿಸಿದ ಹೈಡ್ರೋಕ್ಲೋರಿಕ್ ಆಮ್ಲದ ಒಂದಿಷ್ಟನ್ನು ಸೇರಿಸಿ ಔಷಧವನ್ನು ಲವಣವಾಗಿಸಿ, 40 ಡಿಗ್ರಿಯಲ್ಲಿ ನೈಟ್ರೋಜನ್ ಊದಿ ಒಣಗಿಸಿ, 100 ಮೈಕ್ರೋಲೀಟರ್ ಮೊಬೈಲ್ ಫೇಸ್‌ನಲ್ಲಿ ಕರಗಿಸಿಕೊಳ್ಳಬೇಕು. ಒಣಗಿಸುವ ಬದಲು ಹೈಡ್ರೋಕ್ಲೋರಿಕ್ ಆಮ್ಲದ ನೀರಿನಿಂದ ಔಷಧವನ್ನು ಹಿಂದಕ್ಕೆ ಎಳೆಯಲು ಹೊರಡುವವರಿಗೆ ಒಂದು ಎಚ್ಚರಿಕೆ: ಅಮಿಟ್ರಿಪ್ಟಿಲೀನ್ ಹೈಡ್ರೋಕ್ಲೋರೈಡ್ ಕ್ಲೋರೋಫಾರ್ಮಿನಲ್ಲೂ ಧಾರಾಳವಾಗಿ ಕರಗುವ ಲವಣ, ಹಾಗಾಗಿ ಪೂರ್ತಿ ಹಿಂದಿರುಗುವುದಿಲ್ಲ. ಆ ದಾರಿಯೇ ಬೇಕೆಂದರೆ ಫಾಸ್ಫಾರಿಕ್ ಆಮ್ಲ ವಾಸಿ.

ಕ್ಲೋರಿನ್ ದ್ರಾವಕ ಬೇಡವೆನ್ನುವವರು

ನೀರಿಗಿಂತ ಹಗುರವಾದ 1-ಡೋಡೆಕನಾಲ್ ಬಳಸಿ, ತೇಲುವ ಹನಿಯನ್ನು ಐಸ್‌ನಲ್ಲಿ ಹೆಪ್ಪುಗಟ್ಟಿಸಿ ಚಮಚದಿಂದ ಎತ್ತಿಕೊಳ್ಳುವ ಮಾರ್ಪಾಡು ಚೆನ್ನಾಗಿದೆ. ಅದು ಸುಮಾರು 24 ಡಿಗ್ರಿಯಲ್ಲಿ ಕರಗುತ್ತದೆ. ಚಿಕ್ಕಬಳ್ಳಾಪುರದ ಡಿಸೆಂಬರ್ ಬೆಳಗಿನಲ್ಲಿ ಬಾಟಲಿಯೊಳಗೇ ಗಡ್ಡೆಯಾಗಿರುತ್ತದೆ, ಮೊದಲು ಬೆಚ್ಚಗೆ ಮಾಡಬೇಕು. ಏಪ್ರಿಲಿನಲ್ಲಾದರೆ ಐಸ್‌ನಿಂದ ತೆಗೆದ ಹನಿ ಚಮಚದಲ್ಲೇ ಕರಗಿ ಜಾರುತ್ತದೆ, ಚಮಚವನ್ನೂ ತಣ್ಣಗಿಟ್ಟುಕೊಂಡಿರಬೇಕು. ಕರಗಿದ ಹನಿಯನ್ನು ಮೆಥನಾಲಿನಲ್ಲಿ ತೆಳುಮಾಡಿ ನೇರ ಇಂಜೆಕ್ಟ್ ಮಾಡಬಹುದು.

ಟೊಳ್ಳು ನಾರಿನ ವಿಧಾನದಲ್ಲಿ ಪಾಲಿಪ್ರೊಪಿಲೀನ್ ನಾರಿನ ರಂಧ್ರಗಳಿಗೆ ಡೈಹೆಕ್ಸೈಲ್ ಈಥರ್ ಹೀರಿಸಿ, ಒಳಗೆ ಇಪ್ಪತ್ತು ಮೈಕ್ರೋಲೀಟರ್‌ನಷ್ಟು ಆಮ್ಲ ತುಂಬಿ, ಕ್ಷಾರೀಯ ಮೂತ್ರದಲ್ಲಿ ಮುಳುಗಿಸಿ ಮುಕ್ಕಾಲು ಗಂಟೆ ಅಲುಗಾಡಿಸುತ್ತಾರೆ. ಔಷಧ ಈಥರ್ ದಾಟಿ ಆಮ್ಲದಲ್ಲಿ ಅಯಾನಾಗಿ ಸಿಕ್ಕಿಬೀಳುತ್ತದೆ. ಪ್ರೋಟೀನ್, ಬಣ್ಣ, ಲವಣ ಎಲ್ಲವೂ ಹೊರಗೇ ಉಳಿಯುತ್ತವೆ. ಶುದ್ಧತೆಯಲ್ಲಿ ಡಿಎಲ್‌ಎಲ್‌ಎಂಇ ಇದಕ್ಕೆ ಸಾಟಿಯಲ್ಲ. ವೇಗದಲ್ಲಿ ಇದು ಅದಕ್ಕೆ ಸಾಟಿಯಲ್ಲ.

ಕಾಲಮ್ ಮೇಲೆ

250 ಮಿಲಿಮೀಟರ್ ಉದ್ದ, 4.6 ಮಿಲಿಮೀಟರ್ ಒಳವ್ಯಾಸ, 5 ಮೈಕ್ರಾನ್ ಕಣದ ಸಾಮಾನ್ಯ ಸಿ-18 ಕಾಲಮ್ ಸಾಕು. 25 ಮಿಲಿಮೋಲಾರ್ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ ಬಫರ್ ಮತ್ತು ಅಸಿಟೋನೈಟ್ರೈಲ್ 60:40ರ ಪ್ರಮಾಣದಲ್ಲಿ, ನಿಮಿಷಕ್ಕೆ 1 ಮಿಲಿಲೀಟರ್ ಹರಿವಿನಲ್ಲಿ ಆರಂಭಿಸಿ, ಪೀಕ್ ನೋಡಿಕೊಂಡು ತಿದ್ದಬಹುದು. ಬಫರಿಗೆ ಶೇ. 0.1ರಿಂದ 0.2ರಷ್ಟು ಟ್ರೈಈಥೈಲ್ ಅಮೀನ್ ಸೇರಿಸಬೇಕು. ಇಲ್ಲದಿದ್ದರೆ ಸಿಲಿಕಾದ ಆಮ್ಲೀಯ ತಾಣಗಳು ಅಮೀನ್ ಔಷಧಗಳನ್ನು ಹಿಡಿದೆಳೆದು ಪೀಕಿಗೆ ಉದ್ದ ಬಾಲ ಬರುತ್ತದೆ. ಅಮೀನ್ ಹಾಕಿದ ನಂತರವೇ ಫಾಸ್ಫಾರಿಕ್ ಆಮ್ಲದಿಂದ ಪಿಎಚ್ 3ಕ್ಕೆ ತರಬೇಕು, ಮೊದಲು ತಂದು ಆಮೇಲೆ ಅಮೀನ್ ಹಾಕಿದರೆ ಪಿಎಚ್ ಮತ್ತೆ ಏರುತ್ತದೆ. ನಾರ್ಟ್ರಿಪ್ಟಿಲೀನ್ ಮುಂಚೆ, ಅಮಿಟ್ರಿಪ್ಟಿಲೀನ್ ಅದರ ಹಿಂದೆಯೇ ಬರುತ್ತವೆ. ಎರಡನ್ನೂ 240 ನ್ಯಾನೋಮೀಟರ್‌ನಲ್ಲಿ ನೋಡಬಹುದು. ಇಮಿಪ್ರಮೀನ್‌ಗೆ 251ರ ಆಸುಪಾಸು, ಸಿಟಲೋಪ್ರಾಮ್‌ಗೆ 239, ಫ್ಲೂಆಕ್ಸೆಟೀನ್‌ಗೆ 226. ಸರ್ಟ್ರಲೀನ್ ಮಾತ್ರ ಯುವಿಯಲ್ಲಿ ಮಂಕು. 210ರ ಹತ್ತಿರಕ್ಕೆ ಇಳಿಯಬೇಕಾಗುತ್ತದೆ, ಅಲ್ಲಿ ಮೂತ್ರದ ಬೇರೆ ಪದಾರ್ಥಗಳ ಗಲಾಟೆ ಹೆಚ್ಚು.

ಕಾಲಮ್ ಓವನ್ 35 ಡಿಗ್ರಿಯಲ್ಲಿರಲಿ. ಓವನ್ ಇಲ್ಲದೆ ಕೋಣೆಯ ಉಷ್ಣತೆಗೆ ಬಿಟ್ಟರೆ ಬೆಳಗಿನ ಪೀಕ್ ಬಂದ ಸಮಯಕ್ಕೂ ಮಧ್ಯಾಹ್ನದ್ದಕ್ಕೂ ತಾಳೆಯಾಗುವುದಿಲ್ಲ. ಕರೆಂಟ್ ಹೋಗಿ ಪಂಪ್ ನಿಂತರೆ ಒಳಗಿನ ಫಾಸ್ಫೇಟ್ ಹರಳುಗಟ್ಟಿ ಪಂಪಿನ ಸೀಲ್ ಕೆಡುತ್ತದೆ. ಕಂಪ್ಯೂಟರಿಗೆ ಮಾತ್ರವಲ್ಲ, ಪಂಪಿಗೂ ಯುಪಿಎಸ್ ಬೇಕು. ದಿನದ ಕೊನೆಗೆ ಮೊದಲು ಶೇ. 10 ಅಸಿಟೋನೈಟ್ರೈಲ್ ಬೆರೆತ ನೀರು, ಆಮೇಲೆ ಹೆಚ್ಚಿನ ಅಸಿಟೋನೈಟ್ರೈಲ್ ಹರಿಸಿ ತೊಳೆಯಬೇಕು. ಈ ಕ್ರಮ ತಿರುಗಿದರೆ ಬಫರ್ ಕಾಲಮ್‌ನೊಳಗೇ ಉಪ್ಪಾಗಿ ಕೂರುತ್ತದೆ.

ಗ್ಯಾಸ್ ಕ್ರೊಮ್ಯಾಟೋಗ್ರಫಿ ಇರುವವರು ಶೇ. 5 ಫಿನೈಲ್ ಇರುವ 30 ಮೀಟರ್ ಕಾಲಮ್ ಬಳಸಬಹುದು, ಕ್ಲೋರೋಫಾರ್ಮ್ ಹನಿಯನ್ನು ನೇರ ಹಾಕಬಹುದು ಎಂಬುದು ಅದರ ಅನುಕೂಲ. ನಾರ್ಟ್ರಿಪ್ಟಿಲೀನ್‌ನಂಥ ಸೆಕೆಂಡರಿ ಅಮೀನ್‌ಗಳನ್ನು ಅಸಿಟೈಲ್ ರೂಪಕ್ಕೆ ತಂದರೆ ಪೀಕ್ ನೆಟ್ಟಗಾಗುತ್ತದೆ. ಮಾಸ್ ಡಿಟೆಕ್ಟರ್ ಇದ್ದರೆ ದ್ರವ್ಯರಾಶಿ 58ರ ಅಯಾನನ್ನು ಮಾತ್ರ ನಂಬಿ ಕೂರಬಾರದು. ಅಮಿಟ್ರಿಪ್ಟಿಲೀನ್, ಸಿಟಲೋಪ್ರಾಮ್, ವೆನ್ಲಾಫ್ಯಾಕ್ಸಿನ್ ಮೂರೂ ಅದನ್ನೇ ಎತ್ತರವಾಗಿ ತೋರಿಸುತ್ತವೆ. ಅಮಿಟ್ರಿಪ್ಟಿಲೀನ್ ಮತ್ತು ವೆನ್ಲಾಫ್ಯಾಕ್ಸಿನ್‌ಗಳಂತೂ ಅಣುತೂಕದಲ್ಲೂ 277ರ ಅವಳಿಗಳು. ಅವನ್ನು ಬೇರ್ಪಡಿಸಿ ತೋರಿಸುವುದು ಕಾಲಮ್‌ನಿಂದ ಹೊರಬರುವ ಸಮಯ.

ಲೆಕ್ಕ ಮತ್ತು ನಂಬಿಕೆ

ಮಿಲಿಲೀಟರಿಗೆ 100 ನ್ಯಾನೋಗ್ರಾಂ ಇರುವ ಮೂತ್ರದ 2.5 ಮಿಲಿಲೀಟರಿನಲ್ಲಿ ಇರುವುದು 250 ನ್ಯಾನೋಗ್ರಾಂ. ಅದರಲ್ಲಿ ಶೇ. 80 ಸಿಕ್ಕಿತೆಂದು ಇಟ್ಟುಕೊಂಡರೆ 200 ನ್ಯಾನೋಗ್ರಾಂ 100 ಮೈಕ್ರೋಲೀಟರಿನಲ್ಲಿ ಸೇರಿ, ಸಾರತೆ ಮಿಲಿಲೀಟರಿಗೆ 2,000 ನ್ಯಾನೋಗ್ರಾಂ ಆಗುತ್ತದೆ, ಅಂದರೆ ಇಪ್ಪತ್ತು ಪಟ್ಟು. ಅದರ 20 ಮೈಕ್ರೋಲೀಟರ್ ಕಾಲಮ್‌ಗೆ 40 ನ್ಯಾನೋಗ್ರಾಂ ಒಯ್ಯುತ್ತದೆ; ಮೂತ್ರವನ್ನೇ ನೇರ ಹಾಕಿದ್ದರೆ 2 ನ್ಯಾನೋಗ್ರಾಂ ಮಾತ್ರ, ಅದೂ ನೂರೆಂಟು ಕಲಬೆರಕೆಯ ನಡುವೆ.

ಕ್ಯಾಲಿಬ್ರೇಷನ್ ರೇಖೆಯನ್ನು ನೀರಿನಲ್ಲಿ ಎಳೆಯದೆ ಔಷಧರಹಿತ ಮೂತ್ರದಲ್ಲಿ ಎಳೆಯಬೇಕು. ಆ ಬ್ಲ್ಯಾಂಕ್ ಕೊಡುವ ಸ್ವಯಂಸೇವಕರು ನೆಗಡಿ ಮಾತ್ರೆಯನ್ನೂ ತೆಗೆದುಕೊಂಡಿರಬಾರದು, ಏಕೆಂದರೆ ಕ್ಲೋರ್‌ಫೆನಿರಮೀನ್, ಪ್ರೊಮೆಥಜೀನ್‌ಗಳೂ ಇದೇ ಬಗೆಯ ಅಮೀನ್‌ಗಳಾಗಿದ್ದು ಇದೇ ಹನಿಗೆ ಸೇರಿಕೊಳ್ಳುತ್ತವೆ. ಕನಿಷ್ಠ ಆರು ಬೇರೆಬೇರೆ ಜನರ ಬ್ಲ್ಯಾಂಕ್ ಮೂತ್ರದಲ್ಲಿ ನಮ್ಮ ಪೀಕ್ ಬರುವ ಜಾಗ ಖಾಲಿಯಿದೆಯೇ ನೋಡಬೇಕು. ಔಷಧ ನಿಯಮಗಳನ್ನು ಅಂತರರಾಷ್ಟ್ರೀಯವಾಗಿ ಹೊಂದಿಸುವ ಐಸಿಎಚ್ ಸಂಸ್ಥೆಯ 2022ರ ಎಂ10 ಮಾರ್ಗಸೂಚಿ ಕೇಳುವುದು ಹೀಗೆ: ಕನಿಷ್ಠ ಆರು ಹಂತದ ಸಾರತೆಗಳು, ಲೆಕ್ಕ ಹಾಕಿದ ಬೆಲೆ ನಿಜಬೆಲೆಯಿಂದ ±15%ರೊಳಗೆ, ಅತಿ ಕೆಳಗಿನ ಹಂತದಲ್ಲಿ ±20%ರೊಳಗೆ. ಅಂಥ ಅತಿ ಕೆಳಹಂತದ ಮೂರು ಪಟ್ಟಿನ ಒಳಗೊಂದು, ನಡುವೊಂದು, ಮೇಲೊಂದು ಕ್ಯೂಸಿ (ಗುಣಮಟ್ಟ ಪರೀಕ್ಷಿಸುವ) ಮಾದರಿಯನ್ನು ಪ್ರತಿ ಸರಣಿಯಲ್ಲೂ ಓಡಿಸಬೇಕು. ರೇಖೆ ಬಿಂದುಗಳಿಗೆ ಎಷ್ಟು ಹೊಂದುತ್ತದೆಂದು ಹೇಳುವ ಆರ್-ವರ್ಗ 0.999 ಬಂತೆಂದು ಹಿಗ್ಗುವವರು ಕೆಳಹಂತದ ಬಿಂದುವನ್ನು ಹಿಂತಿರುಗಿ ಲೆಕ್ಕ ಹಾಕಿ ನೋಡಲಿ; ಮೇಲಿನ ಬಿಂದುಗಳ ಭಾರಕ್ಕೆ ಅದು ಎಷ್ಟೋ ಸಲ ಶೇ. 40ರಷ್ಟು ಆಚೀಚೆ ಹೋಗಿರುತ್ತದೆ. ಕೆಳಹಂತದ ಬಿಂದುಗಳಿಗೆ ಹೆಚ್ಚು ಬೆಲೆ ಬರುವಂತೆ 1/ಎಕ್ಸ್ (ಎಕ್ಸ್ ಎಂದರೆ ಸಾರತೆ) ತೂಕ ಕೊಟ್ಟು ರೇಖೆ ಎಳೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಶೀಘ್ರ ಪರೀಕ್ಷಾ ಪಟ್ಟಿಗಳು ಕ್ವೆಟಿಯಾಪಿನ್, ಕಾರ್ಬಮಜೆಪೈನ್‌ಗಳನ್ನು ಟ್ರೈಸೈಕ್ಲಿಕ್ ಎಂದು ತಪ್ಪಾಗಿ ತೋರಿಸುವುದು ಹೆಸರಾದ ಸಂಗತಿ. ಕ್ರೊಮ್ಯಾಟೋಗ್ರಫಿಯ ಅಗತ್ಯ ಬೀಳುವುದು ಅಲ್ಲಿಯೇ. ಆದರೂ ಯುವಿಯಲ್ಲಿ ಒಂದು ಪೀಕ್ ಸರಿಯಾದ ಸಮಯಕ್ಕೆ ಬಂದದ್ದು ಗುರುತಿನ ಪೂರ್ಣ ಪುರಾವೆಯಲ್ಲ. ಹಲವು ತರಂಗಾಂತರಗಳನ್ನು ಒಟ್ಟಿಗೆ ನೋಡುವ ಡಯೋಡ್ ಅರೇ ಡಿಟೆಕ್ಟರ್ ಇದ್ದರೆ ಇಡೀ ಸ್ಪೆಕ್ಟ್ರಮ್ ಹೋಲಿಸಬೇಕು. ನ್ಯಾಯಾಲಯಕ್ಕೆ ಹೋಗಬಹುದಾದ ಮಾದರಿಯಾಗಿದ್ದರೆ ನಾವು ಮುಟ್ಟದೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಬಿಡುವುದೇ ಸರಿ.

ವರದಿ ಮತ್ತು ತ್ಯಾಜ್ಯ

ವರದಿಯಲ್ಲಿ ಸಾರತೆ, ಕ್ರಿಯಾಟಿನಿನ್ ಸರಿದೂಗಿಸಿದ ಬೆಲೆ, ವಿಧಾನದ ಕೆಳಮಿತಿ, ಕಿಣ್ವದ ಹಂತ ಮಾಡಲಾಗಿದೆಯೋ ಇಲ್ಲವೋ ಎಂಬುದು ಇರಬೇಕು. ಪೀಕ್ ಕಾಣದಿದ್ದರೆ ‘ಇಲ್ಲ’ ಎಂದು ಬರೆಯದೆ ‘ಕೆಳಮಿತಿಗಿಂತ ಕಡಿಮೆ’ ಎಂದು ಬರೆಯಬೇಕು. ಡೋಸ್ ಹೆಚ್ಚಿಸಿ ತಗ್ಗಿಸುವ ಬಗ್ಗೆ ಒಂದು ಸಾಲೂ ಬೇಡ. ಅದು ಮನೋವೈದ್ಯರ ಕೆಲಸ.

ಕ್ಲೋರೋಫಾರ್ಮ್ ಇರುವ ತ್ಯಾಜ್ಯವನ್ನು ಸಿಂಕಿಗೆ ಸುರಿಯಬಾರದು, ಬೇರೆ ದ್ರಾವಕಗಳ ಡಬ್ಬಿಗೂ ಸೇರಿಸಬಾರದು. ವಿಶೇಷವಾಗಿ ಅಸಿಟೋನ್, ಕ್ಲೋರೋಫಾರ್ಮ್, ಕ್ಷಾರ ಈ ಮೂರೂ ಒಂದೇ ಬಾಟಲಿಯಲ್ಲಿ ಕೂಡಿದರೆ ತಾವಾಗಿಯೇ ಕಾದು ಉಕ್ಕಿ ಬಾಟಲಿ ಸಿಡಿಯಬಹುದು. ನಾನು ಚದುರಿಸಲು ಅಸಿಟೋನ್ ಹೇಳದೆ ಮೆಥನಾಲ್, ಅಸಿಟೋನೈಟ್ರೈಲ್‌ಗಳನ್ನೇ ಹೇಳಿದ್ದು ಅದಕ್ಕಾಗಿ. ಅದೇ ಕಾರಣಕ್ಕೆ ಗಾಜಿನ ಕೊಳವೆಗಳನ್ನು ಅಸಿಟೋನ್‌ನಲ್ಲಿ ಜಾಲಿಸುವವರು ಆ ಜಾಲಿಸಿದ ದ್ರವಕ್ಕೆ ಪ್ರತ್ಯೇಕ ಡಬ್ಬಿ ಇಟ್ಟು, ಮೇಲೆ ಕನ್ನಡದಲ್ಲೇ ದೊಡ್ಡದಾಗಿ ಹೆಸರು ಬರೆದು ಅಂಟಿಸಬೇಕು.